ಕಾವಲಿಯನ್ನು ತೂಕಕ್ಕೆ ಹಾಕುವ ಮೊದಲು

ಕಳೆದ ತಿಂಗಳು ಶಿವಮೊಗ್ಗದಲ್ಲಿ ಒಂದು ಗುಜರಿ ಅಂಗಡಿಗೆ ಹೋಗಿದ್ದೆ. ಹಳೆಯ ಬಾಗಿಲಿಗೆ ಚಿಲಕ ಬೇಕಿತ್ತು. ಸೈಕಲ್ ರಿಮ್ಮುಗಳ ಅಡಿಯಲ್ಲಿ ಒಂದು ದೋಸೆ ಕಾವಲಿ, ಅದರ ಪಕ್ಕ ಏಳು ಗುಳಿಯ ಪಡ್ಡಿನ ಕಾವಲಿ ಬಿದ್ದಿದ್ದವು. ಎರಡೂ ಬೀಡಿನವು, ಅಂದರೆ ಅಚ್ಚಿಗೆ ಎರಕ ಹೊಯ್ದ ಕಬ್ಬಿಣದವು. ತುಕ್ಕು ಹಿಡಿದು ಇಟ್ಟಿಗೆ ಬಣ್ಣಕ್ಕೆ ತಿರುಗಿದ್ದವು.

"ಅದು ಯಾಕಕ್ಕಾ ನಿಮಗೆ? ಸಂಜೆ ಸುತ್ತಿಗೆಯಲ್ಲಿ ಒಡೆದು ಲೋಡಿಗೆ ಹಾಕೋದು" ಎಂದ ಅಂಗಡಿಯ ಹುಡುಗ.

ಕೆಜಿಗೆ 60 ರೂಪಾಯಿಯಂತೆ ಐದೂವರೆ ಕೆಜಿಗೆ 330 ರೂಪಾಯಿ ಕೊಟ್ಟು ಎರಡನ್ನೂ ತಂದೆ. ಚಿಲಕ ಮರೆತೇ ಹೋಯಿತು.

ಒಡೆದು ಹಾಕೋದು ಅಂದನಲ್ಲ, ಆ ಮಾತು ಮನಸ್ಸಿನಿಂದ ಹೋಗಲಿಲ್ಲ. ನಮ್ಮ ಮನೆಗಳಲ್ಲಿ ಸ್ಟೀಲ್ ಡಬ್ಬಿಯ ಮೇಲೂ ಹೆಸರು ಹಾಕಿಸುತ್ತೇವೆ. ಮದುವೆಗೆ ಬಂದ ಚೊಂಬಿನ ಮೇಲೆ ಕೊಟ್ಟವರ ಹೆಸರು, ತಾರೀಕು ಎಲ್ಲ ಇರುತ್ತದೆ. ದಿನಾ ಒಲೆಯ ಮೇಲೆ ಬೇಯುವ ಬೀಡಿನ ಕಾವಲಿಗೆ ಮಾತ್ರ ಹೆಸರಿಲ್ಲ. ಯಾವ ಊರಿನ ಎರಕ, ಯಾರು ಹೊಯ್ದರು, ಯಾವ ವರ್ಷ ತಂದದ್ದು, ಏನೂ ಗೊತ್ತಾಗುವುದಿಲ್ಲ. ಅಮೆರಿಕದಲ್ಲಿ ಗ್ರಿಸ್‌ವೋಲ್ಡ್, ವ್ಯಾಗ್ನರ್ ಎಂಬ ಹಳೆಯ ಕಂಪನಿಗಳ ಬಾಣಲೆಗಳನ್ನು ಹುಡುಕಿಕೊಂಡು ಹೋಗುವವರಿದ್ದಾರೆ. ತಳದಲ್ಲಿರುವ ಗುರುತು ನೋಡಿ ಸುಮಾರು ಯಾವ ಕಾಲದ್ದು ಅಂತ ಹೇಳಿಬಿಡುತ್ತಾರೆ. ಗ್ರಿಸ್‌ವೋಲ್ಡ್‌ನ ಪೆನ್ಸಿಲ್ವೇನಿಯಾದ ಕಾರ್ಖಾನೆ 1957ರಲ್ಲೇ ಮುಚ್ಚಿತು. ಆದರೂ ಅದರ ತುಕ್ಕು ಹಿಡಿದ ಬಾಣಲೆಗೆ ಇವತ್ತಿಗೂ ಒಳ್ಳೆಯ ಬೆಲೆ ಇದೆ. ನಮ್ಮ ಕಾವಲಿಯ ತಳ ಖಾಲಿ. ಅದಕ್ಕೇ ಇರಬೇಕು, ನಾವು ಅದನ್ನು ಬರೀ ತೂಕದ ಲೆಕ್ಕದಲ್ಲಿ ನೋಡುತ್ತೇವೆ. ಭದ್ರಾವತಿಯಲ್ಲಿ 1923ರಲ್ಲೇ ಇದ್ದಿಲು ಉರಿಸಿ ಬೀಡು ಕಬ್ಬಿಣ ತೆಗೆಯಲು ಶುರು ಮಾಡಿದ ಜಿಲ್ಲೆ ನಮ್ಮದು. ನಾವೇ ಹೀಗೆ ಮಾಡಿದರೆ ಹೇಗೆ?

ತುಕ್ಕು ಹಿಡಿದರೆ ಕಾವಲಿ ಸತ್ತಿತು ಅಂತ ಅರ್ಥ ಅಲ್ಲ. ಬಹಳಷ್ಟು ಸಲ ತುಕ್ಕು ಮೇಲಿನ ಮೈಯಲ್ಲಷ್ಟೇ ಇರುತ್ತದೆ. ಬಿರುಕು ಬಿಟ್ಟರೆ ಮಾತ್ರ ಕತೆ ಮುಗಿಯಿತು. ಬೀಡಿನಲ್ಲಿ ಇಂಗಾಲ ಜಾಸ್ತಿ, ಸಾಮಾನ್ಯವಾಗಿ ನೂರಕ್ಕೆ 2ರಿಂದ 4 ಪಾಲು. ಅದರಿಂದಲೇ ಅದು ಬೇಗ ಕರಗುತ್ತದೆ, ಅಚ್ಚಿಗೆ ಚೆನ್ನಾಗಿ ಹರಿಯುತ್ತದೆ. ಅದರಿಂದಲೇ ಬಿದ್ದರೆ ಬಗ್ಗುವುದಿಲ್ಲ, ಒಡೆಯುತ್ತದೆ. ಆದ್ದರಿಂದ ಕೊಳ್ಳುವಾಗ ಸಂತೆಯಲ್ಲಿ ಮಡಕೆ ಬಡಿದು ನೋಡುವ ಹಾಗೆ ನೋಡಿ. ಒಂದು ಬೆರಳಲ್ಲಿ ತೂಗಿ ಹಿಡಿದು ಗೆಣ್ಣಿನಿಂದ ಬಡಿಯಿರಿ. ಟಣ್ ಅಂದರೆ ಗಟ್ಟಿ. ಸದ್ದು ಬೊದ್ದಾಗಿ ಬಂದರೆ ಎಲ್ಲೋ ಬಿರುಕಿದೆ, ಅಲ್ಲೇ ಬಿಟ್ಟುಬಿಡಿ. ಡಾಂಬರೋ ಸೀಸವೋ ಕರಗಿಸಿದ ಬಾಣಲೆ ಅನ್ನುವ ಅನುಮಾನ ಬಂದರೂ ಬೇಡ. ಸೀಸ ಕರಗಿಸಿದ ಪಾತ್ರೆಯನ್ನು ಎಷ್ಟು ತಿಕ್ಕಿದರೂ ಅಡುಗೆಗೆ ನಂಬುವ ಹಾಗಿಲ್ಲ.

ಎರಡು ವರ್ಷದ ಹಿಂದೆ ನಮ್ಮತ್ತೆಯ ಬಾಣಲೆಯೊಂದನ್ನು ನಾನು ಹಾಳು ಮಾಡಿದ್ದೇನೆ. ತುಕ್ಕು ಹೋಗಲಿ ಅಂತ ರಾತ್ರಿಯಿಡೀ ವಿನೆಗರ್‌ನಲ್ಲಿ ಮುಳುಗಿಸಿಟ್ಟೆ. ತುಕ್ಕೇನೋ ಹೋಯಿತು, ಜೊತೆಗೆ ಕಬ್ಬಿಣವೂ ಹೋಯಿತು. ಬೆಳಗ್ಗೆ ನೋಡಿದರೆ ಮೈತುಂಬ ಸೂಜಿ ಚುಚ್ಚಿದ ಹಾಗೆ ತೂತಿನ ಗುರುತು. ಹುಳಿಗೆ ತುಕ್ಕು ಯಾವುದು, ಕಬ್ಬಿಣ ಯಾವುದು ಅನ್ನುವ ಭೇದ ಇಲ್ಲ. ಅತ್ತೆ ಒಂದು ಮಾತೂ ಆಡಲಿಲ್ಲ. ನನಗೆ ಇವತ್ತಿಗೂ ಬೇಜಾರಿದೆ.

ಈ ಸಲ ಅವಸರ ಮಾಡಲಿಲ್ಲ. ಮೊದಲು ನೀರು, ತೆಂಗಿನ ನಾರು. ಆಮೇಲೆ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ಅರ್ಧ ಗಂಟೆ ನೆನೆಸಿ, ತೆಗೆದು ತಿಕ್ಕಿದೆ. ಸಾಲದ ಕಡೆ ಮತ್ತೆ ಅರ್ಧ ಗಂಟೆ. ವಿನೆಗರ್ ಇಲ್ಲದಿದ್ದರೆ ಹುಣಸೆಹಣ್ಣಿನ ರಸ ಸಾಕು, ನಿಧಾನ ಅಷ್ಟೆ. ದೋಸೆ ಕಾವಲಿ ಒಂದು ಮಧ್ಯಾಹ್ನಕ್ಕೆ ಬೂದು ಬಣ್ಣಕ್ಕೆ ಬಂತು. ಪಡ್ಡಿನ ಕಾವಲಿ ಮೂರು ದಿನ ತೆಗೆದುಕೊಂಡಿತು. ಗುಳಿಯ ತಳದಲ್ಲಿ ನೀರು ನಿಂತು ನಿಂತು ತುಕ್ಕು ಹಪ್ಪಳದ ಹಾಗೆ ಕಟ್ಟಿತ್ತು. ಹೆಬ್ಬೆರಳಿಗೆ ಉಪ್ಪುಕಾಗದ ಸುತ್ತಿಕೊಂಡು ಒಂದೊಂದೇ ಗುಳಿ ಉಜ್ಜಿದೆ.

ತೊಳೆದ ತಕ್ಷಣ ಒಲೆಯ ಮೇಲಿಟ್ಟು ಒಣಗಿಸಬೇಕು. ಗಾಳಿಗೆ ಆರಲಿ ಅಂತ ಬಿಟ್ಟರೆ ಕಣ್ಣೆದುರೇ ಮತ್ತೆ ಕೆಂಪಾಗುತ್ತದೆ.

ಆಮೇಲೆ ಪಳಗಿಸುವುದು. ಇಲ್ಲಿ ಎಲ್ಲರೂ ಎಣ್ಣೆ ಜಾಸ್ತಿ ಸುರಿಯುತ್ತಾರೆ. ಹಾಗೆ ಮಾಡಿದರೆ ಅದು ಅಂಟಂಟಾಗಿ ಕೂರುತ್ತದೆ. ಬೆಚ್ಚಗಿನ ಕಾವಲಿಗೆ ನಾಲ್ಕು ಹನಿ ಕಡಲೆಕಾಯಿ ಎಣ್ಣೆ ಸವರಿ, ಒಣ ಬಟ್ಟೆಯಿಂದ ಎಲ್ಲ ಒರೆಸಿ ತೆಗೆಯಿರಿ, ಎಣ್ಣೆಯನ್ನು ತಪ್ಪಿ ಹಾಕಿದ್ದೆ ಅನ್ನುವ ಹಾಗೆ. ಉಳಿದ ಪಸೆಯೇ ಸಾಕು. ಕಿಟಕಿ ತೆರೆದು, ಹೊಗೆ ಬಂದು ನಿಲ್ಲುವ ತನಕ ಕಾಯಿಸಿ. ಆ ಬಿಸಿಗೆ ಎಣ್ಣೆ ಎಣ್ಣೆಯಾಗಿ ಉಳಿಯುವುದಿಲ್ಲ. ಗಟ್ಟಿಯಾಗಿ ಕಬ್ಬಿಣಕ್ಕೆ ಕಚ್ಚಿಕೊಂಡು ಕಪ್ಪು ಪದರ ಆಗುತ್ತದೆ. ತೆಂಗಿನೆಣ್ಣೆ ಅಷ್ಟು ಚೆನ್ನಾಗಿ ಕಚ್ಚಿಕೊಳ್ಳುವುದಿಲ್ಲ. ಅಗಸೆ ಎಣ್ಣೆ ಕನ್ನಡಿಯ ಹಾಗೆ ಹೊಳೆಯುತ್ತದೆ, ಆದರೆ ಆಮೇಲೆ ಸಿಪ್ಪೆ ಏಳುವುದುಂಟು. ನಾನು ನಾಲ್ಕು ಸಲ ಹೀಗೆ ಮಾಡಿದೆ. ಮೂರನೆಯ ಸಲಕ್ಕೆ ಕಪ್ಪು ಬಣ್ಣ ನಿಂತಿತು. ಆ ಕಪ್ಪು ನೋಡಿದಾಗ ಆದ ಸಂತೋಷ ಹೇಳಲು ಬರುವುದಿಲ್ಲ.

ದೋಸೆ ಕಾವಲಿಯ ಮೇಲೆ ಚಪಾತಿ ಬೇಯಿಸಬೇಡ ಅಂತ ಅಮ್ಮ ಬೈಯುತ್ತಿದ್ದುದು ಇದಕ್ಕೇ. ಎಣ್ಣೆ ಇಲ್ಲದೆ ಒಣ ಬಿಸಿಯಲ್ಲಿ ಕಾದರೆ ಕಟ್ಟಿದ ಪದರ ಸುಟ್ಟುಹೋಗುತ್ತದೆ. ಅರ್ಧ ಈರುಳ್ಳಿಯನ್ನೋ ಬದನೆಕಾಯಿ ತೊಟ್ಟನ್ನೋ ಎಣ್ಣೆಯಲ್ಲಿ ಅದ್ದಿ ಉಜ್ಜುತ್ತಿದ್ದುದೂ ಇದಕ್ಕೇ, ದಿನಾ ಒಂದು ತೆಳು ಪದರ ಸೇರಲಿ ಅಂತ. ನಾವು ಅದನ್ನು ಸುಮ್ನೆ ಹಳೇ ಕಾಲದ ಹಟ ಅಂದುಕೊಂಡಿದ್ದೆವು.

ಈಗ ಹಳೆಯ ಪಾತ್ರೆ ಮಾರುವ ಕೆಲವರು ಗ್ರೈಂಡರ್ ಹಾಕಿ ಕಾವಲಿಯನ್ನು ಬೆಳ್ಳಿಯ ಹಾಗೆ ಹೊಳೆಸಿ ಕೊಡುತ್ತಾರೆ. ಇನ್ನು ಕೆಲವರು ಕಪ್ಪು ಬಣ್ಣ ಬಳಿದು ಗೋಡೆಗೆ ತೂಗುಹಾಕಲು ಮಾರುತ್ತಾರೆ. ಎರಡೂ ನನಗೆ ಸಂಕಟ ಕೊಡುತ್ತವೆ. ಹಳೆಯ ಕಾವಲಿಯ ನಡುಭಾಗ ನುಣ್ಣಗಿರುವುದು ಯಂತ್ರದಿಂದ ಅಲ್ಲ. ಯಾರೋ ಒಬ್ಬ ಹೆಂಗಸು ಇಪ್ಪತ್ತು, ಮೂವತ್ತು ವರ್ಷ ಅಲ್ಲಿ ಸಟ್ಟುಗ ಆಡಿಸಿದ್ದಾಳೆ. ನಾನು ತಂದ ಕಾವಲಿಯ ಬಲಗಡೆ ಅಂಚು ಎಡಕ್ಕಿಂತ ಜಾಸ್ತಿ ಸವೆದಿದೆ. ಅವಳು ಬಲಗೈಯಲ್ಲಿ, ಯಾವಾಗಲೂ ಅದೇ ಕಡೆಯಿಂದ ದೋಸೆ ಎಬ್ಬಿಸುತ್ತಿದ್ದಳು ಅಂತ ಕಾಣುತ್ತದೆ. ಹೆಸರಿಲ್ಲದ ಕಾವಲಿಯ ಮೇಲೆ ಇರುವ ಗುರುತು ಇದೊಂದೇ. ಅದನ್ನೂ ಗ್ರೈಂಡರ್‌ಗೆ ಕೊಟ್ಟುಬಿಟ್ಟರೆ ಏನು ಉಳಿಯಿತು ಹೇಳಿ?

ನಿಮ್ಮ ಊರಿನ ಮನೆಯ ಅಟ್ಟದಲ್ಲಿ, ಬಚ್ಚಲ ಒಲೆಯ ಹಿಂದೆ ಇಂಥದ್ದೊಂದು ಇದ್ದೇ ಇರುತ್ತದೆ. ದಯವಿಟ್ಟು ತೂಕಕ್ಕೆ ಹಾಕಬೇಡಿ. ನಿಮಗೆ ಬೇಡವಾದರೆ ಬೇಕಾದವರಿಗೆ ಕೊಡಿ. ಶಿವಮೊಗ್ಗದ ಕಡೆಯವರಾದರೆ ನನಗೇ ಹೇಳಿ, ಬಂದು ತೆಗೆದುಕೊಂಡು ಹೋಗುತ್ತೇನೆ.

ಮೊನ್ನೆ ಭಾನುವಾರ ಮೊದಲ ಸಲ ಹಿಟ್ಟು ಹಾಕಿದೆ. ಮೊದಲ ಎರಡು ದೋಸೆ ಕಿತ್ತುಬಂದವು. ಮೂರನೆಯದು ತಾನಾಗಿ ಅಂಚು ಬಿಟ್ಟು ಎದ್ದಿತು. ಅತ್ತೆ ಪಕ್ಕದಲ್ಲೇ ನಿಂತಿದ್ದರು. "ಬಾಣಲೆಗೂ ಹಿಂಗೇ ಮಾಡಿ ನೋಡೇ" ಎಂದರು. ಅಟ್ಟದಿಂದ ಅದನ್ನು ಇಳಿಸಿಟ್ಟಿದ್ದೇನೆ. ಪಡ್ಡಿನ ಕಾವಲಿಯಲ್ಲಿ ಆರು ಗುಳಿ ಚೆನ್ನಾಗಿ ಬಿಡುತ್ತಿವೆ. ನಡುವಿನದು ಇನ್ನೂ ಅಂಟುತ್ತಿದೆ.