ಹಾನ್ ನದಿ ನೋಡಿ ಕೃಷ್ಣೆ ನೆನಪಾಯಿತು
ನಿಮ್ಮ ಲೇಖನದಲ್ಲಿ ಏಷ್ಯಾದ ಸೈನ್ಸ್ ಫಿಕ್ಷನ್ ಸಿನಿಮಾ ಅಂತ ಟೋಕಿಯೊ, ಹಾಂಗ್‌ಕಾಂಗ್ ಬಗ್ಗೆ ಇಷ್ಟೆಲ್ಲ ಬರೆದು ದಕ್ಷಿಣ ಕೊರಿಯಾದ ಸೋಲ್ ನಗರವನ್ನೇ ಬಿಟ್ಟಿದ್ದೀರಲ್ಲ ಸರ್! ಅಲ್ಲಿನ ನಿರ್ದೇಶಕ ಬಾಂಗ್ ಜೂನ್ ಹೋ ಅವರ 2006ರ 'ದಿ ಹೋಸ್ಟ್' ನೋಡಿ. ಹಾರುವ ಕಾರಿಲ್ಲ, ಏನಿಲ್ಲ. ಸಿಂಕಿಗೆ ಬಾಟಲಿಗಟ್ಟಲೆ ಫಾರ್ಮಾಲ್ಡಿಹೈಡ್ ಅನ್ನೋ ವಿಷ ರಾಸಾಯನಿಕ ಸುರಿಯುತ್ತಾರೆ, ಸೋಲ್ ನಡುವೆ ಹರಿಯುವ ಹಾನ್ ನದಿಯಿಂದ ರಾಕ್ಷಸ ಪ್ರಾಣಿ ಎದ್ದು ಬರುತ್ತದೆ. ಸುರಿದ ಭಾಗ ಸುಮ್ನೆ ಕಟ್ಟಿದ್ದಲ್ಲ, 2000ರಲ್ಲಿ ಅಲ್ಲಿನ ಅಮೆರಿಕ ಸೇನಾ ನೆಲೆಯಲ್ಲಿ ನಡೆದದ್ದೇ. ಹೀರೋ ನದಿ ದಂಡೆಯ ತಿಂಡಿ ಅಂಗಡಿಯವನು. ಗಿರಾಕಿಗೆ ಕೊಡಬೇಕಾದ ಕಡಲ ಜೀವಿ ಸ್ಕ್ವಿಡ್‌ನ ಒಂದು ಕಾಲು ತಾನೇ ತಿಂದುಬಿಡುತ್ತಾನೆ! ನಮ್ಮ ಓಣಿಯ ಮಿರ್ಚಿ ಬಂಡಿ ಹುಡುಗನೂ ಹಂಗೇ.

ನಾವು ರಾಯಚೂರಿನವರು. ಕೃಷ್ಣೆಯಲ್ಲಿ ಮೊಸಳೆ ಇವೆ, ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಹೊಗೆ ಕಾರುವ ಚಿಮಣಿಗಳಿವೆ. ಕನ್ನಡ ಸಿನಿಮಾದವರು ಬೆಂಗಳೂರು ಬಿಟ್ಟು ಇಲ್ಲೊಮ್ಮೆ ಕ್ಯಾಮೆರಾ ಇಡಬಹುದಲ್ವಾ? ಸೆಟ್ಟಿನ ಖರ್ಚೂ ಉಳಿಯುತ್ತೆ.