ಪಾರ್ಟ್ ಟೂಗೆ ಸೀನ ಬರಲಿಲ್ಲ

ಹಾಲಿವುಡ್ ಕಾಮಿಡಿ ನೋಡಿಕೊಂಡು ಗೆಳೆಯರ ಜೊತೆ ಟ್ರಿಪ್ ಹೋಗಬಾರದು ಅಂತ ನನಗೆ ಯಾರೂ ಹೇಳಿರಲಿಲ್ಲ.

ಶುರುವಾಗಿದ್ದು ‘ಗ್ರೋನ್ ಅಪ್ಸ್’ನಿಂದ. 2010ರ ಸಿನಿಮಾ. 1978ರಲ್ಲಿ ಬ್ಯಾಸ್ಕೆಟ್‌ಬಾಲ್ ಮ್ಯಾಚ್ ಗೆದ್ದ ಐದು ಹುಡುಗರು, ಮೂವತ್ತು ವರ್ಷ ಆದಮೇಲೆ ಕೋಚ್ ತೀರಿಕೊಂಡರು ಅಂತ ಹೆಂಡತಿ ಮಕ್ಕಳ ಸಮೇತ ಮತ್ತೆ ಸೇರುತ್ತಾರೆ. ಕಥೆ ಅಷ್ಟೇ. ಮಿಕ್ಕಿದ್ದೆಲ್ಲ ಆ್ಯಡಂ ಸ್ಯಾಂಡ್ಲರ್ ಮತ್ತು ಬಳಗ ಒಬ್ಬರ ಕಾಲು ಒಬ್ಬರು ಎಳೆಯುವುದು. ಅದರಲ್ಲೊಂದು ಆಟ ಇದೆ. ಬಾಣವನ್ನು ನೆಟ್ಟಗೆ ಆಕಾಶಕ್ಕೆ ಬಿಡಬೇಕು, ಎಲ್ಲರೂ ಓಡಬೇಕು, ಓಡದೆ ಕೊನೆವರೆಗೂ ನಿಂತವನೇ ಗೆದ್ದ ಹಾಗೆ. ಐವರಲ್ಲೊಬ್ಬನಾದ ರಾಬ್ ಶ್ನೈಡರ್ ನಿಂತೇ ಇರುತ್ತಾನೆ. ಬಾಣ ಬಂದು ಅವನ ಪಾದಕ್ಕೇ ನಾಟುತ್ತದೆ.

ನಾವೂ ಐದು ಜನ, ಹಾಸ್ಟೆಲ್ ಕಾಲದವರು. ಸಕಲೇಶಪುರದ ಹತ್ತಿರ ಒಂದು ಹೋಂಸ್ಟೇನಲ್ಲಿ, ಮಳೆ ಬಿಟ್ಟ ಒಂದು ಸಂಜೆ ಇದೇ ಆಟ ಆಡಿದೆವು. ಬಿಲ್ಲು ಇರಲಿಲ್ಲ, ಚಪ್ಪಲಿ ಇತ್ತು. ಸೀನ ಎಸೆದ ಎಡಗಾಲಿನ ಚಪ್ಪಲಿ ಮೇಲೆ ಹೋಯಿತು, ನಾವೆಲ್ಲ ಓಡಿದೆವು, ಅದು ಮಾತ್ರ ನಮ್ಮ ತಲೆ ಬಿಟ್ಟು ಅಡುಗೆಮನೆ ಮೇಲಿನ ಹೆಂಚು ಒಡೆದು ಕೂತಿತು. ಓನರ್ ಗೌಡರು ಹೊರಗೆ ಬಂದು ಒಂದೇ ಮಾತು ಕೇಳಿದರು, “ಎಷ್ಟನೇ ಕ್ಲಾಸು ನೀವೆಲ್ಲ?” ಆ ರಾತ್ರಿ ನಕ್ಕ ಹಾಗೆ ಮತ್ತೆಂದೂ ನಕ್ಕಿಲ್ಲ. ಅದೇ ತಪ್ಪಾಗಿದ್ದು. ಚೆನ್ನಾಗಿತ್ತಲ್ಲ, ಇನ್ನೊಂದು ಸಲ ಹೋಗೋಣ ಅಂದುಬಿಟ್ಟೆವು.

ಹಾಲಿವುಡ್‌ನವರಿಗೂ ಇದೇ ಕಾಯಿಲೆ. ‘ಹ್ಯಾಂಗೋವರ್’ 2009ರಲ್ಲಿ ಬಂತು. ಲಾಸ್ ವೇಗಸ್‌ನಲ್ಲಿ ಮದುಮಗನೇ ಕಾಣೆ, ಬಾತ್‌ರೂಮಿನಲ್ಲಿ ಹುಲಿ, ಡೆಂಟಿಸ್ಟ್ ಸ್ಟೂನ ಹಲ್ಲೇ ಮಾಯ. (ಆ ಪಾತ್ರ ಮಾಡಿದ ಎಡ್ ಹೆಲ್ಮ್ಸ್‌ಗೆ ನಿಜಕ್ಕೂ ಅಲ್ಲಿ ಇಂಪ್ಲಾಂಟ್ ಹಲ್ಲು ಇತ್ತಂತೆ, ಶೂಟಿಂಗಿಗೆ ಬಿಚ್ಚಿಟ್ಟರು!) 2011ರ ಎರಡನೇ ಭಾಗಕ್ಕೆ ಊರು ಬ್ಯಾಂಕಾಕ್ ಆಯಿತು, ಹುಲಿ ಕೋತಿಯಾಯಿತು, ಹಲ್ಲಿನ ಬದಲು ಮುಖದ ಮೇಲೆ ಹಚ್ಚೆ ಬಂತು. ಮೊದಲ ಸಲ ಕಾಣೆಯಾದವನು ಹೋಟೆಲಿನ ಟೆರೇಸ್ ಮೇಲೆ ಸಿಕ್ಕಿದ್ದ, ಈ ಸಲ ಕಾಣೆಯಾದವನು ಹೋಟೆಲಿನ ಲಿಫ್ಟಿನೊಳಗೆ ಸಿಕ್ಕ. ನಿನ್ನೆಯ ಹುಳಿಗೆ ಇವತ್ತು ಬೇರೆ ಒಗ್ಗರಣೆ. ಆದರೂ ದುಡ್ಡು ಮೊದಲನೆಯದಕ್ಕಿಂತ ಜಾಸ್ತಿ ಬಂತು.

ನಾನು ಗಮನಿಸಿದ್ದು ಇನ್ನೊಂದು. ಇಂಥ ಎರಡನೇ ಭಾಗಗಳಲ್ಲಿ ಯಾರೋ ಒಬ್ಬ ಕೈ ಕೊಟ್ಟಿರುತ್ತಾನೆ. 2013ರ ‘ಗ್ರೋನ್ ಅಪ್ಸ್ 2’ರಲ್ಲಿ ಅದೇ ರಾಬ್ ಶ್ನೈಡರ್ ಇಲ್ಲ. 1991ರ ‘ಸಿಟಿ ಸ್ಲಿಕರ್ಸ್’ನಲ್ಲಿ ಮೂವರು ಗೆಳೆಯರು ನಡುವಯಸ್ಸಿನ ಬೇಜಾರು ಕಳೆಯೋಕೆ ದನ ಹೊಡೆದುಕೊಂಡು ಹೋಗುತ್ತಾರೆ. 1994ರ ಮುಂದಿನ ಭಾಗಕ್ಕೆ ಆ ಮೂವರಲ್ಲೊಬ್ಬನಾದ ಬ್ರೂನೋ ಕಿರ್ಬಿ ಬರಲಿಲ್ಲ, ಆ ಜಾಗಕ್ಕೆ ಹೀರೋನ ತಮ್ಮನನ್ನು ತಂದು ಕೂರಿಸಿದರು. ಅದಕ್ಕಿಂತ ಮಜಾ ಜಾಕ್ ಪ್ಯಾಲೆನ್ಸ್‌ದು. ಮೊದಲ ಭಾಗದ ಪಾತ್ರಕ್ಕೆ ಅವರಿಗೆ ಆಸ್ಕರ್ ಬಂತು, 73ರ ವಯಸ್ಸಲ್ಲಿ ವೇದಿಕೆ ಮೇಲೇ ಒಂದೇ ಕೈಯಲ್ಲಿ ದಂಡ ಹೊಡೆದರು. ಆದರೆ ಆ ಪಾತ್ರ ಮೊದಲ ಭಾಗದಲ್ಲೇ ಸತ್ತುಹೋಗಿತ್ತಲ್ಲ? ಅವಳಿ ಸೋದರನೊಬ್ಬ ಇದ್ದ ಅಂತ ಮಾಡಿ ಅವರನ್ನೇ ಮತ್ತೆ ಕರೆತಂದರು. ಡಬಲ್ ಆಕ್ಟಿಂಗ್ ನಮ್ಮವರದ್ದೇ ಸ್ವತ್ತು ಅಂದುಕೊಂಡಿದ್ದೆ ನಾನು.

ನಮ್ಮ ಪಾರ್ಟ್ ಟೂಗೆ ಸೀನ ಬರಲಿಲ್ಲ. ಮಗಳ ಪರೀಕ್ಷೆಯಂತೆ. ಮಗಳು ಎರಡನೇ ಕ್ಲಾಸು. ಬದಲಿಗೆ ಭಾಮೈದನನ್ನು ಕಳಿಸಿದ. ಕಟ್ಟಿದ ದುಡ್ಡು ವೇಸ್ಟ್ ಆಗಬಾರದು ನೋಡಿ.

ಅದೇ ಹೋಂಸ್ಟೇ, ಅದೇ ಜೀಪು, ಅದೇ ಅಕ್ಕಿ ರೊಟ್ಟಿ. ಮೊದಲ ಸಲ ಜೀಪು ಕೆಸರಲ್ಲಿ ಹೂತಾಗ ಕುಣಿದಿದ್ದೆವು. ಈ ಸಲ ಹೂಳಲೇ ಇಲ್ಲ, ರಸ್ತೆ ಕಾಂಕ್ರೀಟ್ ಆಗಿತ್ತು. ಹಳೇ ಜೋಕುಗಳೆಲ್ಲ ಹೊರಬಂದವು, ಆದರೆ ಭಾಮೈದನಿಗೆ ಒಂದೊಂದನ್ನೂ ಹಿನ್ನೆಲೆ ಸಮೇತ ವಿವರಿಸಿ ಹೇಳುವಷ್ಟರಲ್ಲಿ ನಮಗೇ ನಗು ಬತ್ತಿಹೋಯಿತು. ಕೊನೆಗೆ ಚಪ್ಪಲಿ ಆಟ. ನಾನೇ ಎಸೆದೆ, ಓಡೋಕೆ ಅಂತ ತಿರುಗಿದೆ, ಸೊಂಟ ಹಿಡಿದುಕೊಂಡಿತು. ಬಾಗಿದ್ದು ಬಾಗಿದ ಹಾಗೇ ನಿಂತೆ. ಹಾಗಾಗಿ ನಿಯಮದ ಪ್ರಕಾರ ಗೆದ್ದವನು ನಾನೇ. ಚಪ್ಪಲಿ ಮಾತ್ರ ಅಡುಗೆಮನೆ ಮೇಲೆ ಢಣ್ ಅಂತ ಬಿತ್ತು. ಗೌಡರು ಹೆಂಚು ತೆಗೆಸಿ ಶೀಟ್ ಹಾಕಿಸಿದ್ದರು. “ನಿಮ್ ಬುಕಿಂಗ್ ನೋಡಿದ್ಮೇಲೇ ಹಾಕ್ಸಿದ್ದು” ಅಂದರು, ನಗದೆ.

ವಾಪಸ್ ಬರುವಾಗ ನಾನು ಹಿಂದಿನ ಸೀಟಿನಲ್ಲಿ ಮುಲಾಮಿನ ವಾಸನೆ ಹೊಡೆಯುತ್ತಾ ಮಲಗಿದ್ದೆ. ಸೀನ ವಿಡಿಯೋ ಕಾಲ್ ಮಾಡಿ, ಏನೇನಾಯ್ತು ಹೇಳ್ರೋ ಅಂದ. ಯಾರಿಗೂ ಹೇಳೋಕೆ ಏನೂ ಹೊಳೆಯಲಿಲ್ಲ. ಭಾಮೈದ ಮಾತ್ರ ಫೋನ್ ಕಿತ್ತುಕೊಂಡು ಹಾಸನ ದಾಟುವವರೆಗೂ ವರದಿ ಒಪ್ಪಿಸಿದ. ಬೆಂಗಳೂರು ತಲುಪುವ ಮೊದಲೇ ‘ಪಾರ್ಟ್ ತ್ರೀ’ ಅಂತ ವಾಟ್ಸಾಪ್ ಗ್ರೂಪ್ ಮಾಡಿ, ನಮ್ಮ ಜೊತೆ ಗೌಡರನ್ನೂ ಸೇರಿಸಿದ. ನಮ್ಮಲ್ಲಿ ಮೂವರು ಆಗಲೇ ಮ್ಯೂಟ್ ಮಾಡಿದ್ದೇವೆ. ಗ್ರೂಪಿನಲ್ಲಿ ಇದುವರೆಗೆ ಬಂದಿರುವುದು ಒಂದೇ ಮೆಸೇಜು, ಗೌಡರದ್ದು: “ಬರಿಗಾಲಲ್ಲಿ ಬರೋದಾದ್ರೆ ಡಿಸ್ಕೌಂಟ್ ಕೊಡ್ತೀನಿ.”