ಒಂದು ದಿನಕ್ಕೆ ಒಂದೇ ಊರು

ನಮ್ಮ ಕಡೆಗೆ ಹೊರಗಿನಿಂದ ಬರುವವರ ಪ್ರವಾಸದ ಪಟ್ಟಿ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಬೆಳಿಗ್ಗೆ ವಿಜಯಪುರದ ಗೋಲಗುಮ್ಮಟ, ಮಧ್ಯಾಹ್ನದ ಹೊತ್ತಿಗೆ ಕೂಡಲಸಂಗಮ, ಅಲ್ಲಿಂದ ಐಹೊಳೆ, ಪಟ್ಟದಕಲ್ಲು, ಕತ್ತಲಾಗುವುದರೊಳಗೆ ಬಾದಾಮಿ, ಹಾಗೇ ಬನಶಂಕರಿ ದರ್ಶನ. ಎಲ್ಲಾ ಒಂದೇ ದಿನ! 150 ಕಿಲೋಮೀಟರಿಗೂ ಜಾಸ್ತಿ ಓಡಾಟ. ಬಾಡಿಗೆ ಕಾರಿನವರು ಕೊಡುವುದೂ ಇದನ್ನೇ, ಬರುವವರು ಕೇಳುವುದೂ ಇದನ್ನೇ. ನಾನು ಗುಳೇದಗುಡ್ಡದವನು. ಕೆಲಸದ ಸಲುವಾಗಿ ಮುಂಬೈ ಸೇರಿ ಬಹಳ ವರ್ಷವಾಯಿತು. ಊರಿಗೆ ಹೊರಟಾಗ ಜೊತೆಗೆ ಮುಂಬೈಯ ಗೆಳೆಯರೋ ಬೀಗರೋ ಇದ್ದೇ ಇರುತ್ತಾರೆ. ಅವರ ಓಟವನ್ನು ನೋಡಿ ನೋಡಿ ನನಗೆ ಒಂದು ಮಾತು ಗಟ್ಟಿಯಾಗಿದೆ. ಒಂದು ದಿನಕ್ಕೆ ಒಂದೇ ಊರು ನೋಡಬೇಕು. ಅದಕ್ಕಿಂತ ಹೆಚ್ಚು ನೋಡುವುದು ಬರೀ ಕಾರಿನ ಸವಾರಿ.

ಈ ರೂಢಿ ನನಗೆ ಬಂದಿದ್ದು ಮುಂಬೈಯ ದೋಣಿಗಳಿಂದ. ಅಲ್ಲಿಯ ಹಳೆಯ ಜಾಗಗಳಿಗೆ ಹೋಗಬೇಕೆಂದರೆ ಎಷ್ಟೋ ಸಲ ನೀರು ದಾಟಲೇಬೇಕು. ಘರಾಪುರಿಯನ್ನೇ ತೆಗೆದುಕೊಳ್ಳಿ, ಎಲ್ಲರೂ ಎಲಿಫೆಂಟಾ ಅನ್ನುವ ದ್ವೀಪ. ಗೇಟ್‌ವೇ ಆಫ್ ಇಂಡಿಯಾ ಹತ್ತಿರ ದೋಣಿ ಹತ್ತಿದರೆ ಸುಮಾರು ಒಂದು ತಾಸಿನ ಹಾದಿ. ಇಳಿದ ಮೇಲೆ ಕಣ್ಣ ಮುಂದೆ ಇರುವುದು ಆ ಗುಡ್ಡ, ಆ ಮೆಟ್ಟಿಲು, ಆ ಗುಹೆಗಳು, ಅಷ್ಟೇ. ಮುಂದಿನ ಊರು ಅನ್ನುವುದೇ ಇಲ್ಲ. ಇಷ್ಟು ದೂರ ನೀರು ದಾಟಿ ಬಂದವರು ಹತ್ತು ನಿಮಿಷಕ್ಕೆ ವಾಪಸ್ ಹೊರಡುವುದಿಲ್ಲ. ಕೂರುತ್ತಾರೆ, ಮತ್ತೊಂದು ಸಲ ಒಳಗೆ ಹೋಗಿ ಬರುತ್ತಾರೆ.

ಆ ಮತ್ತೊಂದು ಸಲದಲ್ಲೇ ಎಲ್ಲಾ ಇರುವುದು. ದೊಡ್ಡ ಗುಹೆಯ ಹಿಂದಿನ ಗೋಡೆಯಲ್ಲಿ ಸುಮಾರು 20 ಅಡಿ ಎತ್ತರದ, ಮೂರು ಮುಖದ ಸದಾಶಿವ ಇದ್ದಾನೆ. ಬಿಸಿಲಿನಿಂದ ಒಳಗೆ ಕಾಲಿಟ್ಟಾಗ ಮೊದಲು ಕಾಣುವುದು ನಡುವಿನ ಮುಖ ಮಾತ್ರ. ಕಣ್ಣು ಮುಚ್ಚಿ ಶಾಂತವಾಗಿರುವ ಮುಖ ಅದು. ಕಣ್ಣು ಕತ್ತಲಿಗೆ ಹೊಂದಿಕೊಂಡ ಮೇಲೆ ನಮ್ಮ ಎಡಗಡೆಯ ಮುಖ ಕಾಣುತ್ತದೆ. ಅದಕ್ಕೆ ಮೀಸೆ ಇದೆ, ಸಿಟ್ಟಿದೆ, ಕೈಯಲ್ಲಿ ಹಾವು. ಬಲಗಡೆಯದು ಮೆತ್ತಗಿನ ಹೆಣ್ಣು ಮುಖ, ಕೈಯಲ್ಲಿ ಕಮಲ. ಮೂರನ್ನೂ ಒಂದೊಂದಾಗಿ ನೋಡಿ, ಆಮೇಲೆ ಹಿಂದೆ ಸರಿದು ಒಟ್ಟಿಗೆ ನೋಡಬೇಕು. ಇದಕ್ಕೆ ಟೈಮ್ ಬೇಕು, ಬೇರೆ ಏನೂ ಬೇಡ.

ಕಾರು ತಗೊಂಡೇ ಹೋಗುವವರಿಗೂ ಮುಂಬೈಯಲ್ಲಿ ನೀರಿನ ದಾರಿ ಇದೆ. 2020ರಲ್ಲಿ ಅಲ್ಲಿಯ ಭಾವುಚಾ ಧಕ್ಕಾದಿಂದ ಆಚೆ ದಡದ ಮಾಂಡ್ವಾಕ್ಕೆ ಕಾರುಗಳನ್ನೂ ಒಯ್ಯುವ ರೋ-ರೋ ಹಡಗು ಶುರುವಾಯಿತು. ಕಾರನ್ನು ಕೆಳಗೆ ನಿಲ್ಲಿಸಿ ಮೇಲೆ ಹೋಗಿ ಕೂತರೆ ಒಂದು ತಾಸಿನ ಆಸುಪಾಸಿನಲ್ಲಿ ಆಚೆ ದಡ. ರಸ್ತೆಯಲ್ಲಾದರೆ ಪನ್ವೇಲ್, ಪೇಣ್ ಸುತ್ತಿ ನೂರು ಕಿಲೋಮೀಟರಿನಷ್ಟು ಆಗುತ್ತದೆ. ಆ ದಡದಿಂದ ಅಲಿಬಾಗ ಹತ್ತಿರ. ಅಲ್ಲಿಯ ಕೊಲಾಬಾ ಕೋಟೆ ಸಮುದ್ರದ ಒಳಗೇ ಇದೆ. ಇಳಿತ ಇದ್ದಾಗ ನಡೆದುಕೊಂಡು ಹೋಗಬಹುದು, ಭರತ ಬಂದರೆ ಹಾದಿ ಮುಚ್ಚಿತು. ಹಾಗಾಗಿ ಜನ ಮೊದಲು ನೀರಿನ ಹೊತ್ತು ಕೇಳುತ್ತಾರೆ, ಆಮೇಲೆ ಊಟದ ಹೊತ್ತು ಗೊತ್ತು ಮಾಡುತ್ತಾರೆ. ಇನ್ನೂ ದಕ್ಷಿಣಕ್ಕೆ ಹೋದರೆ ಮುರುಡ ಜಂಜಿರಾ. ರಾಜಪುರಿಯಿಂದ ಹಾಯಿದೋಣಿಯಲ್ಲಿ ಹೋಗಬೇಕು. ಈ ಕೋಟೆಯನ್ನು ಆಳಿದ, ಆಫ್ರಿಕಾ ಮೂಲದ ಸಿದ್ದಿಗಳು ಮೊದಲು ಅಹಮದನಗರದ ಕೈಕೆಳಗೆ ಇದ್ದವರು, ಆ ರಾಜ್ಯ ಬಿದ್ದ ಮೇಲೆ ನಮ್ಮ ವಿಜಯಪುರದ ಆದಿಲಶಾಹಿಗೆ ಸೇರಿದರು. ಗೋಲಗುಮ್ಮಟ ಕಟ್ಟಿಸಿದ ಮುಹಮ್ಮದ್ ಆದಿಲ್ ಶಾಹನ ಕಾಲದಲ್ಲಿ ಈ ನೀರಿನ ಕೋಟೆ ವಿಜಯಪುರದ್ದು. ಊರಿನವರಿಗೆ ಇದನ್ನು ಹೇಳಿದರೆ ನಂಬುವುದಿಲ್ಲ.

ಅಲ್ಲಿಯದೆಲ್ಲ ಚೆನ್ನ ಅಂತ ನಾನು ಹೇಳುತ್ತಿಲ್ಲ. ಜಂಜಿರಾದಲ್ಲಿ ದೋಣಿಯವರು ಮುಕ್ಕಾಲು ತಾಸು ಕೊಟ್ಟು, ಇಷ್ಟರಲ್ಲಿ ಬನ್ನಿ ಅನ್ನುತ್ತಾರೆ. ಅಷ್ಟು ದೊಡ್ಡ ಕೋಟೆಗೆ ಅದು ಏನೇನೂ ಸಾಲದು. ಮಳೆಗಾಲದಲ್ಲಿ ಅರ್ಧಕ್ಕರ್ಧ ದೋಣಿಗಳು ನಿಂತೇ ಹೋಗುತ್ತವೆ. ಘರಾಪುರಿಯಲ್ಲಿ ಪ್ರವಾಸಿಗರು ರಾತ್ರಿ ಉಳಿಯುವಂತಿಲ್ಲ. ಅಪಾಯವೂ ಇದೆ. 2024ರ ಡಿಸೆಂಬರ್ 18ರಂದು ನೌಕಾಪಡೆಯ ಸ್ಪೀಡ್‌ಬೋಟ್ ಒಂದು ಘರಾಪುರಿಗೆ ಹೊರಟಿದ್ದ ದೋಣಿಗೆ ಬಡಿದು ಹತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ಅಂದಿನಿಂದ ಲೈಫ್ ಜಾಕೆಟ್ ಇಲ್ಲದೆ ನಾನು ಯಾವ ದೋಣಿಯಲ್ಲೂ ಕೂರುವುದಿಲ್ಲ. ನಮ್ಮ ಕೃಷ್ಣೆಯಲ್ಲಿ, ಮಲಪ್ರಭೆಯಲ್ಲಿ ದೋಣಿ ಹತ್ತುವವರಿಗೂ ಇದೇ ಮಾತು. ನದಿ ಅಲ್ವಾ, ಸಮುದ್ರ ಅಲ್ಲವಲ್ಲ ಅನ್ನಬೇಡಿ.

ಆದರೂ ಒಂದು ವಿಷಯ ನಿಜ. ನೀರು ಜನರನ್ನು ಒಂದು ಕಡೆ ಹಿಡಿದು ನಿಲ್ಲಿಸುತ್ತದೆ. ನಮ್ಮ ಕಡೆ ಹಾಗೆ ನಿಲ್ಲಿಸುವುದು ಏನೂ ಇಲ್ಲ. ಬಾದಾಮಿಯಿಂದ ಪಟ್ಟದಕಲ್ಲು 22 ಕಿಲೋಮೀಟರ್, ಅಲ್ಲಿಂದ ಐಹೊಳೆ ಸುಮಾರು 14. ಹತ್ತಿರ ಹತ್ತಿರ ಇರುವುದೇ ಇವಕ್ಕೆ ಮುಳುವಾಗಿದೆ. ಐಹೊಳೆಯಲ್ಲಿ ದುರ್ಗ ಗುಡಿಯ ಮುಂದೆ ಕಾರು ನಿಂತ ಕೂಡಲೇ ಡ್ರೈವರ್ ಹೇಳುವ ಮಾತು ನನಗೆ ಬಾಯಿಪಾಠವಾಗಿದೆ. "ಸರ, ಅರ್ಧ ತಾಸಿನ್ಯಾಗ ಮುಗಿಸ್ಕೊಂಡ ಬರ್ರಿ. ಇನ್ನೂ ಪಟ್ಟದಕಲ್ಲು, ಬಾದಾಮಿ ಅದಾವು." ಅವರದು ತಪ್ಪಲ್ಲ. ಅವರಿಗೆ ರಾತ್ರಿ ಮನೆ ಮುಟ್ಟಬೇಕು, ನಾಳೆ ಬೆಳಿಗ್ಗೆ ಮತ್ತೊಂದು ಬಾಡಿಗೆ ಇರುತ್ತದೆ. ಹಾಗೆ ಲೆಕ್ಕ ಹಾಕಿ ಕರೆಸಿದವರು ನಾವೇ.

ಐಹೊಳೆಯಲ್ಲಿ ನೂರಕ್ಕೂ ಹೆಚ್ಚು ಗುಡಿಗಳಿವೆ. ಅರ್ಧ ತಾಸಿನಲ್ಲಿ ಏನು ನೋಡಲು ಸಾಧ್ಯ? ದುರ್ಗ ಗುಡಿ, ಪಕ್ಕದ ಲಾಡಖಾನ ಗುಡಿ, ಎರಡು ಫೋಟೋ. ತಪ್ಪಿಹೋಗುವುದು ಮೇಗುಟಿ. ಅದು ಗುಡ್ಡದ ಮೇಲಿದೆ, ಕಾರು ಹೋಗುವುದಿಲ್ಲ, ಮೆಟ್ಟಿಲು ಹತ್ತಬೇಕು. ಹಾಗಾಗಿ ಪಟ್ಟಿಯಿಂದ ಮೊದಲು ಬಿಡುವುದೇ ಅದು. ನನ್ನ ಕೇಳಿದರೆ ಐಹೊಳೆಯಲ್ಲಿ ಮೊದಲು ನೋಡಬೇಕಾದ್ದೇ ಮೇಗುಟಿ. ಆ ಜೈನ ಬಸದಿಯ ಗೋಡೆಯಲ್ಲಿ ಕವಿ ರವಿಕೀರ್ತಿ ಬರೆಸಿದ ಶಾಸನ ಇದೆ. ಶಕ 556, ಅಂದರೆ ಕ್ರಿ.ಶ. 634-35. ಇಮ್ಮಡಿ ಪುಲಕೇಶಿಯ ದಂಡಯಾತ್ರೆಗಳ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಬಹುಪಾಲು ಈ ಗೋಡೆಯಿಂದ ಬಂದದ್ದು. ಅದರಲ್ಲಿ ಒಂದು ಪದ್ಯ ಸಮುದ್ರದ್ದು. ಪಶ್ಚಿಮ ಸಮುದ್ರದ ಲಕ್ಷ್ಮಿಯಂತಿದ್ದ ಪುರಿ ಎಂಬ ನಗರವನ್ನು ಪುಲಕೇಶಿ ಮದಿಸಿದ ಆನೆಗಳಂಥ ನೂರಾರು ಹಡಗುಗಳಿಂದ ಮುತ್ತಿದ, ಆಗ ಆಕಾಶ ಸಮುದ್ರದಂತೆ, ಸಮುದ್ರ ಆಕಾಶದಂತೆ ಕಂಡಿತು ಎಂದು ಕವಿ ಹೇಳುತ್ತಾನೆ.

ಆ ಪುರಿ ಯಾವುದು ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಕೆಲವರು ಅದು ಘರಾಪುರಿ ಅನ್ನುತ್ತಾರೆ, ಕೆಲವರು ಜಂಜಿರಾದ ಎದುರಿಗಿರುವ ರಾಜಪುರಿ ಅನ್ನುತ್ತಾರೆ. ಎರಡೂ ಕಡೆ ನಾನು ದೋಣಿ ಹತ್ತಿದ್ದೇನೆ. ಸಮುದ್ರದಿಂದ ಇಷ್ಟು ದೂರ, ಮಲಪ್ರಭೆಯ ದಂಡೆಯ ಬರಡು ಗುಡ್ಡದ ಮೇಲೆ, ಹಡಗಿನ ಪದ್ಯವನ್ನು ಕಲ್ಲಿನಲ್ಲಿ ಕೊರೆಸಿದ್ದಾರೆ! ಮುಂಬೈಯಿಂದ ಬಂದವರಿಗೆ ಇದಕ್ಕಿಂತ ದೊಡ್ಡ ನಂಟು ಎಲ್ಲಿ ಸಿಗುತ್ತದೆ? ಅವರು ಕೆಳಗೆ ಕಾರಿನಲ್ಲಿ ಏಸಿ ಹಾಕಿಕೊಂಡು ಕೂತಿರುತ್ತಾರೆ. ನನಗೆ ಹೊಟ್ಟೆ ಉರಿಯುವುದು ಇಲ್ಲೇ.

ಬಾದಾಮಿಯದೂ ಇದೇ ಕಥೆ. ಮೊದಲನೇ ಗುಹೆಯ ಹೊರಗೆ 18 ಕೈಯ ನಟರಾಜನ ಮುಂದೆ ಎಲ್ಲರೂ ನಿಲ್ಲುತ್ತಾರೆ. ಅದೇ ಗುಹೆಯ ಎಡತುದಿಗೆ ತ್ರಿಶೂಲ ಹಿಡಿದ ದ್ವಾರಪಾಲಕ ಇದ್ದಾನೆ. ಅವನ ಕಾಲ ಕೆಳಗೆ ಒಂದು ಚಿಕ್ಕ ಕೆತ್ತನೆ. ಆನೆಗೂ ಎತ್ತಿಗೂ ಸೇರಿ ಒಂದೇ ತಲೆ. ಒಂದು ಮೈಯನ್ನು ಅಂಗೈಯಿಂದ ಮರೆಮಾಡಿದರೆ ಆನೆ, ಇನ್ನೊಂದನ್ನು ಮರೆಮಾಡಿದರೆ ಎತ್ತು. ಎತ್ತಿನ ಕೊಂಬೇ ಆನೆಯ ದಂತ ಆಗುತ್ತದಾ ಅಂತ ಮಕ್ಕಳು ಕೇಳುತ್ತಾರೆ, ಕೈ ಅಡ್ಡ ಹಿಡಿದು ಮತ್ತೆ ಮತ್ತೆ ನೋಡುತ್ತಾರೆ. ದೊಡ್ಡವರು ಅಷ್ಟರಲ್ಲಿ ಎರಡನೇ ಗುಹೆಯ ಮೆಟ್ಟಿಲು ಹತ್ತಿ ಆಗಿರುತ್ತದೆ. ಮೂರನೇ ಗುಹೆಯಲ್ಲಿ ಚಾಲುಕ್ಯರ ಮಂಗಳೇಶನ 578ರ ಶಾಸನ ಇದೆ. ಘರಾಪುರಿಯ ಸದಾಶಿವನೂ ಹೆಚ್ಚುಕಡಿಮೆ ಅದೇ ಶತಮಾನದವನು. ಎರಡನ್ನೂ ನೋಡಿದವರಿಗೆ ಬಂಡೆ ಕೊರೆಯುವ ಕೈ ಆ ಕಾಲದಲ್ಲಿ ಎಷ್ಟು ಪಳಗಿತ್ತು ಅಂತ ಅರ್ಥವಾಗುತ್ತದೆ. ಪಟ್ಟದಕಲ್ಲು, ಘರಾಪುರಿ ಎರಡೂ ವಿಶ್ವ ಪರಂಪರೆಯ ಪಟ್ಟಿ ಸೇರಿದ್ದು ಒಂದೇ ವರ್ಷ, 1987ರಲ್ಲಿ. ಘರಾಪುರಿಗೆ ಅರ್ಧ ದಿನ ಕೊಡುವವರು ಪಟ್ಟದಕಲ್ಲಿಗೆ ಇಪ್ಪತ್ತು ನಿಮಿಷ ಕೊಡುತ್ತಾರೆ. ಚಾಲುಕ್ಯರ ಇಮ್ಮಡಿ ವಿಕ್ರಮಾದಿತ್ಯ ಕಂಚಿ ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ ವಿರೂಪಾಕ್ಷ ಗುಡಿಯಲ್ಲಿ ಕಂಬ ಕಂಬಕ್ಕೂ ರಾಮಾಯಣ, ಮಹಾಭಾರತದ ಕಥೆ ಇದೆ. ಒಂದು ಕಂಬಕ್ಕೇ ಇಪ್ಪತ್ತು ನಿಮಿಷ ಬೇಕು.

ಕಾರು ಬೇಡ ಅಂತ ನನ್ನ ವಾದ ಅಲ್ಲ. ನಮ್ಮ ಬಿಸಿಲಿಗೆ, ವಯಸ್ಸಾದವರಿಗೆ, ಚಿಕ್ಕ ಮಕ್ಕಳಿಗೆ ಕಾರು ಬೇಕೇ ಬೇಕು. ಬಸ್ಸುಗಳಿವೆ, ಆದರೆ ಅವು ಹಳ್ಳಿಯವರ ಸಂತೆ, ಶಾಲೆ, ಕೆಲಸದ ಹೊತ್ತಿಗೆ ಹೊಂದಿಕೊಂಡವು, ಅದು ಸರಿಯೂ ಹೌದು. ನಾನು ಕೇಳುವುದು ಬೇರೆ. ಬಾದಾಮಿಯಿಂದ ಪಟ್ಟದಕಲ್ಲು, ಐಹೊಳೆಗೆ ದಿನವಿಡೀ ಸುತ್ತುವ ಬಸ್ಸು ಬೇಕು, ಒಂದೇ ಟಿಕೆಟ್ಟಿನಲ್ಲಿ ಎಲ್ಲಿ ಬೇಕಾದರೂ ಇಳಿದು ಮುಂದಿನ ಬಸ್ಸು ಹತ್ತುವ ಹಾಗೆ. ಕೊನೆಯ ಬಸ್ಸಿನ ಹೊತ್ತನ್ನು ದೊಡ್ಡ ಅಕ್ಷರದಲ್ಲಿ ಬರೆದು ಹಾಕಲಿ. ಘರಾಪುರಿಯಲ್ಲಿ ಕೊನೆಯ ದೋಣಿ ಎಷ್ಟಕ್ಕೆ ಅಂತ ಗೊತ್ತಿರುವುದರಿಂದಲೇ ಜನ ಅಲ್ಲಿಯವರೆಗೆ ನಿಶ್ಚಿಂತೆಯಿಂದ ಇರುತ್ತಾರೆ. ಬಾಡಿಗೆ ಕಾರಿನವರೂ ಊರಿನ ಲೆಕ್ಕ ಬಿಟ್ಟು ಇಡೀ ದಿನದ ಲೆಕ್ಕದಲ್ಲಿ ದರ ಹೇಳಲಿ. ಆಗ ಅವರಿಗೆ ಡೀಸೆಲ್ಲೂ ಉಳಿಯುತ್ತದೆ, ಮೈಯೂ ದಣಿಯುವುದಿಲ್ಲ.

ಇನ್ನೊಂದು ಲಾಭ ಇದೆ, ಅದು ನನಗೆ ಬಹಳ ಮುಖ್ಯ. ಜನ ನಿಂತರೆ ಊರಿನವರ ಕೈಗೆ ನಾಲ್ಕು ಕಾಸು ಸಿಗುತ್ತದೆ. ಬನಶಂಕರಿಯಲ್ಲಿ ಗುಡಿಯ ಹೊರಗೆ ಬುಟ್ಟಿ ಇಟ್ಟುಕೊಂಡು ಕೂತ ಅವ್ವಂದಿರು ಜೋಳದ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು ಮಾರುತ್ತಾರೆ. "ಬಾರೋ ತಮ್ಮಾ, ಉಂಡ ಹೋಗು" ಅಂತ ಕರೆಯುತ್ತಾರೆ. ಏಳೂರು ಸುತ್ತುವ ಕಾರಿನವರು ಹೆದ್ದಾರಿಯ ಢಾಬಾದಲ್ಲಿ ಉಂಡು ಹೋಗುತ್ತಾರೆ. ಬಾದಾಮಿಯಲ್ಲಿ ರಾತ್ರಿ ಉಳಿದವರು ಅಲ್ಲಿ ಕೂತು ಉಣ್ಣುತ್ತಾರೆ, ಸಂಜೆ ಅಗಸ್ತ್ಯ ತೀರ್ಥದ ದಂಡೆಗೆ ಭೂತನಾಥ ಗುಡಿಯವರೆಗೆ ನಡೆಯುತ್ತಾರೆ, ಗುಳೇದಗುಡ್ಡಕ್ಕೆ ಬಂದು ಖಣ ನೇಯುವ ಮಗ್ಗ ನೋಡುತ್ತಾರೆ, ಒಂದೆರಡು ತುಂಡು ಖರೀದಿಯನ್ನೂ ಮಾಡುತ್ತಾರೆ.

ಮುಂಬೈಯ ನಮ್ಮವರಿಗೆ ಇಷ್ಟು ಹೇಳುತ್ತೇನೆ. ರಾತ್ರಿ ರೈಲು ಹತ್ತಿದರೆ ಮರುದಿನ ಸೊಲ್ಲಾಪುರ ದಾಟಿ ವಿಜಯಪುರ, ಬಾಗಲಕೋಟೆ, ಬಾದಾಮಿ ಸಿಗುತ್ತವೆ. ಎರಡೇ ದಿನ ರಜೆ ಇದ್ದರೆ ವಿಜಯಪುರ ಬಿಡಿ, ಅದಕ್ಕೆ ಬೇರೆ ಸಲ ಬನ್ನಿ. ಅಲ್ಲಿಯ ಇಬ್ರಾಹಿಂ ರೋಜಾಕ್ಕೇ ಒಂದು ಬೆಳಗು ಬೇಕು. ಬಾದಾಮಿಯಲ್ಲಿ ಉಳಿದುಕೊಳ್ಳಿ. ಒಂದು ದಿನ ಬಾದಾಮಿ, ಒಂದು ದಿನ ಐಹೊಳೆ. ಐಹೊಳೆಗೆ ಹೋದ ದಿನ ಬಿಸಿಲು ಏರುವ ಮೊದಲೇ ಮೇಗುಟಿ ಹತ್ತಿ, ನೀರಿನ ಬಾಟಲಿ ಮರೆಯಬೇಡಿ. ಇಳಿದು ಬಂದ ಮೇಲೆ ದುರ್ಗ ಗುಡಿ, ಅಲ್ಲೇ ಆವರಣದಲ್ಲಿರುವ ಮ್ಯೂಸಿಯಂ, ಸಂಜೆಗೆ ರಾವಣಫಡಿ. ಶುಕ್ರವಾರ ಮ್ಯೂಸಿಯಂಗೆ ರಜೆ, ಆ ದಿನ ಬಿಟ್ಟು ಟಿಕೆಟ್ ಮಾಡಿಸಿ.